ಬೆಟ್ಟೆ ಹುಡುಕಿದರೆ ತಟ್ಟಿಬೆಟ್ಟೆಯೂ ಸಿಕ್ಕಿತು

ಶಿರಸಿ ಪೇಟೆಯಲ್ಲಿ ಅಡಿಕೆಗೆ ಒಂದೇ ದರ ಎಂಬುದಿಲ್ಲ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ, ಹೀಗೆ ತರಕ್ಕೊಂದು ಧಾರಣೆ. ಟೆಂಡರ್ ಮುಗಿದದ್ದೇ ಅವತ್ತಿನ ಪಟ್ಟಿ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಚಾಲಿಯನ್ನು ಈಗಲೇ ಕೊಟ್ಟುಬಿಡಲೋ, ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಲೋ ಎಂದು ತಲೆ ಕೆಡಿಸಿಕೊಳ್ಳುವ ಬೆಳೆಗಾರರಲ್ಲಿ ಕೆಲವರು ಇದನ್ನೆಲ್ಲ ವರ್ಷಗಟ್ಟಲೆ ಬರೆದಿಡುತ್ತಾರೆ. ಅಪ್ಪ ಡೈರಿಯಲ್ಲಿ ಬರೆಯುತ್ತಿದ್ದರೆ ಮಗಳು ಕಂಪ್ಯೂಟರಿಗೆ ಹಾಕುತ್ತಾಳೆ, ಅಷ್ಟೇ ವ್ಯತ್ಯಾಸ.

ಅದನ್ನು ತೀರಾ ಸರಳವಾಗಿ ಬರೆಯುವ ಕ್ರಮ ಹೀಗೆ. ಒಂದು ದಿನದ ಒಂದು ತರಕ್ಕೆ ಒಂದು ಸಾಲು. ತೇದಿ, ಪೇಟೆ, ತರ, ಕ್ವಿಂಟಲಿನ ದರ, ನಡುವೆ ಖಾಲಿ ಜಾಗ. ಕಡತದ ಹೆಸರು 'ಧಾರಣೆ'.

2024-01-08 ಶಿರಸಿ ರಾಶಿ 46000
2024-01-08 ಶಿರಸಿ ಬೆಟ್ಟೆ 38000
2024-01-08 ಶಿರಸಿ ತಟ್ಟಿಬೆಟ್ಟೆ 42000
2024-01-09 ಕುಮಟಾ ಚಾಲಿ 36000

(ದರಗಳು ನಾನು ಉದಾಹರಣೆಗೆ ಹಾಕಿದವು. ಇದನ್ನು ನೋಡಿ ಯಾರೂ ಅಡಿಕೆ ಮಾರಬೇಡಿ.)

ಬಣ್ಣವಿಲ್ಲ, ಚೌಕಗಳಿಲ್ಲ, ಸೂತ್ರಗಳಿಲ್ಲ. ಬರೀ ಅಕ್ಷರ, ಸಾಲಿನ ಕೊನೆಗೆ 'ಇಲ್ಲಿಗೆ ಮುಗಿಯಿತು' ಎನ್ನುವ ಒಂದು ಕಾಣದ ಗುರುತು. ಇಂಥ ಬೋಳು ಕಡತದ ಮೇಲೆ ಕೆಲಸ ಮಾಡಲೆಂದೇ ಸುಮಾರು ಅರ್ಧ ಶತಮಾನದ ಹಿಂದೆ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆಲವರು ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಬರೆದರು. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಕಟ್ಟಲು ಶುರುಮಾಡಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಜೊತೆಗೆ ಬಂದ ಹತಾರಗಳು ಇವು. ಇಂದಿನ ಲಿನಕ್ಸ್, ಆ್ಯಪಲ್ಲಿನ ಮ್ಯಾಕ್, ನಮ್ಮ ಜೇಬಿನ ಆ್ಯಂಡ್ರಾಯ್ಡ್ ಫೋನು, ಎಲ್ಲದರೊಳಗೂ ಅದೇ ಹೆಸರಿನ ಹತಾರಗಳಿವೆ. ಸಿನಿಮಾದಲ್ಲಿ ಕಳ್ಳರು ಬ್ಯಾಂಕು ದೋಚುವಾಗ ಕಾಣಿಸುವ ಕಪ್ಪು ಪರದೆಯಿಂದಾಗಿ ಇವುಗಳ ಬಗ್ಗೆ ಅನಗತ್ಯ ಭಯ ಹುಟ್ಟಿದೆ. ಆ ಪರದೆಯಲ್ಲಿ ನಡೆಯುವುದು ಹೆಚ್ಚಿನ ಸಲ ಹುಡುಕುವುದು, ಎಣಿಸುವುದು, ಜೋಡಿಸುವುದು, ಇಷ್ಟೇ.

ಮೊದಲು ಹುಡುಕುವುದನ್ನು ನೋಡೋಣ. ಅದರ ಹತಾರ ಗ್ರೆಪ್. 'ಗ್ರೆಪ್ ಚಾಲಿ ಧಾರಣೆ' ಎಂದು ಒತ್ತಿದರೆ ಚಾಲಿ ಎಂದಿರುವ ಸಾಲುಗಳಷ್ಟೇ ಪರದೆಗೆ ಬರುತ್ತವೆ. (ಈ ಹೆಸರುಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ, ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ.) ಈ ಹತಾರ ಹುಟ್ಟಿದ್ದೂ ಅಗತ್ಯದಿಂದಲೇ. ಲೀ ಮೆಕ್‌ಮಹೊನ್ ಎಂಬ ಸಹೋದ್ಯೋಗಿ ಅಮೆರಿಕದ ಸಂವಿಧಾನದ ಕಾಲದ 'ಫೆಡರಲಿಸ್ಟ್' ಪ್ರಬಂಧಗಳ ಪಠ್ಯವನ್ನು ಜಾಲಾಡಬೇಕಿತ್ತು. ಪಠ್ಯ ಬರೆದು ತಿದ್ದುವ ಎಡಿಟರಿನಲ್ಲಿ ಹುಡುಕುವ ಸೌಲಭ್ಯ ಇತ್ತು, ಆದರೆ ಅಷ್ಟು ದೊಡ್ಡ ಪಠ್ಯ ಆ ಕಾಲದ ಯಂತ್ರದ ನೆನಪಿನಲ್ಲಿ ಹಿಡಿಯುತ್ತಿರಲಿಲ್ಲ. ಥಾಂಪ್ಸನ್ ಎಡಿಟರಿನ ಹುಡುಕುವ ಭಾಗವನ್ನಷ್ಟೇ ಕಿತ್ತು ಬೇರೆ ಪ್ರೋಗ್ರಾಮು ಮಾಡಿದರು. ಅದು ಇಡೀ ಕಡತವನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಒಂದು ಸಾಲು ನೋಡುತ್ತದೆ, ಬೇಕಿದ್ದರೆ ಹೊರಗೆ ಹಾಕುತ್ತದೆ, ಬೇಡವಾದರೆ ಮರೆತು ಮುಂದಿನ ಸಾಲಿಗೆ ಹೋಗುತ್ತದೆ. ಹಾಗಾಗಿ ಕಡತ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಚಿಂತೆಯಿಲ್ಲ.

ಇದೇ ಗ್ರೆಪ್‌ಗೆ 'ಬೆಟ್ಟೆ' ಹುಡುಕಲು ಹೇಳಿ ನೋಡಿ. ಬೆಟ್ಟೆಯ ಸಾಲಿನ ಜೊತೆಗೆ ತಟ್ಟಿಬೆಟ್ಟೆಯ ಸಾಲೂ ಬಂದು ಕೂರುತ್ತದೆ. ಶಿರಸಿಯ ಯಾವ ದಲಾಲರೂ ಇವೆರಡನ್ನು ಒಂದೇ ಗುಡ್ಡೆಗೆ ಹಾಕಲಾರರು, ಗ್ರೆಪ್ ಹಾಕುತ್ತದೆ. ಅದಕ್ಕೆ ಅಡಿಕೆ ಗೊತ್ತಿಲ್ಲ, ಕನ್ನಡ ಗೊತ್ತಿಲ್ಲ, ಪದ ಎಂದರೇನೆಂದೂ ಗೊತ್ತಿಲ್ಲ. ಕೊಟ್ಟ ಗುರುತುಗಳ ಸರಣಿ ಈ ಸಾಲಿನೊಳಗೆ ಎಲ್ಲಾದರೂ ಅದೇ ಕ್ರಮದಲ್ಲಿ ಇದೆಯೇ ಎಂದು ಮಾತ್ರ ನೋಡುತ್ತದೆ. ಬೆಟ್ಟೆಯೊಂದೇ ಬೇಕಿದ್ದರೆ ಆಕ್ ಎಂಬ ಇನ್ನೊಂದು ಹತಾರಕ್ಕೆ 'ಮೂರನೆಯ ಅಂಕಣ ಸರಿಯಾಗಿ ಬೆಟ್ಟೆ ಎಂದೇ ಇದ್ದರೆ ಮಾತ್ರ ತೋರಿಸು' ಎಂದು ಹೇಳಬೇಕು. ಅದು ಸಾಲನ್ನು ಖಾಲಿ ಜಾಗದಲ್ಲಿ ತುಂಡರಿಸಿ ಅಂಕಣಗಳನ್ನಾಗಿ ನೋಡುತ್ತದೆ, ಕೂಡಿಸುತ್ತದೆ, ಸರಾಸರಿಯನ್ನೂ ತೆಗೆಯುತ್ತದೆ. 1977ರಲ್ಲಿ ಅದನ್ನು ಬರೆದ ಅಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು.

ಈ ಹತಾರಗಳಿಗೆ ಏನೂ ಗೊತ್ತಿಲ್ಲ ಎಂದು ಬೈದುಕೊಳ್ಳುವ ಮುಂಚೆ ಒಂದು ಮಾತು. ಅವುಗಳ ಶಕ್ತಿ ಇರುವುದೂ ಆ ಗೊತ್ತಿಲ್ಲದಿರುವುದರಲ್ಲೇ. ಅಡಿಕೆ ಗೊತ್ತಿಲ್ಲದ್ದರಿಂದಲೇ ಅದೇ ಗ್ರೆಪ್ ಕಾರವಾರದ ಮೀನುಗಾರಿಕಾ ಬಂದರಿನ ಬಂಗಡೆ ಲೆಕ್ಕದಲ್ಲೂ ಯಲ್ಲಾಪುರದ ಮಳೆಯ ಲೆಕ್ಕದಲ್ಲೂ ನಡೆಯುತ್ತದೆ. ಯುನಿಕ್ಸಿನ ಹತಾರಗಳು ತಮ್ಮೊಳಗೆ ಮಾಡಿಕೊಂಡ ಕರಾರು ಒಂದೇ: ಬರುವುದೂ ಸಾಲುಗಳು, ಹೋಗುವುದೂ ಸಾಲುಗಳು. ಈ ಕರಾರು ಕನ್ನಡದ ಎದುರು ಎಷ್ಟು ಬಾಳಿಕೆ ಬರುತ್ತದೆ ಎಂಬುದೇ ನನಗೆ ಕುತೂಹಲದ ವಿಷಯ.

ಹೆಸರುಗಳು ಇಷ್ಟು ಮೊಟಕಾಗಿರುವುದೇಕೆ ಎಂದು ಹೊಸಬರು ಕೇಳುವುದುಂಟು. ಪಟ್ಟಿ ತೋರಿಸಲು ಎಲ್‌ಎಸ್, ನಕಲಿಗೆ ಸಿಪಿ, ಹೆಸರು ಬದಲಿಸಲು ಎಂವಿ, ಅಳಿಸಲು ಆರ್‌ಎಂ. ಆಗ ಹೆಚ್ಚಿನ ಕಂಪ್ಯೂಟರುಗಳಿಗೆ ಪರದೆ ಇರಲಿಲ್ಲ. ಟೆಲಿಟೈಪ್ ಎಂಬ, ಕಾಗದದ ಮೇಲೆ ಟಕಟಕ ಅಚ್ಚು ಹೊಡೆಯುವ ಯಂತ್ರದ ಮೂಲಕವೇ ಮಾತುಕತೆ. ಬಹುಬಳಕೆಯ ಮಾದರಿ 33ರ ವೇಗ ಸೆಕೆಂಡಿಗೆ 10 ಅಕ್ಷರ, ಅದರ ಕೀಲಿಗಳೂ ಬಿರುಸು. ಎರಡೇ ಅಕ್ಷರದಲ್ಲಿ ಮುಗಿಸಿದರೆ ಬೆರಳಿಗೂ ಸುಖ, ಕಾಗದಕ್ಕೂ ಉಳಿತಾಯ. ಕೆಲಸ ಸರಿಯಾಗಿ ಆದರೆ ಈ ಹತಾರಗಳು ಏನನ್ನೂ ಹೇಳದೆ ಸುಮ್ಮನಿರುವ ಅಭ್ಯಾಸವೂ ಆ ಕಾಲಕ್ಕೆ ಒಪ್ಪುವಂಥದ್ದು. ಈ ಜಿಪುಣತನ ಜೋಯಿಡಾ ಕಡೆಯ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಿದೆ. ನೆಟ್‌ವರ್ಕ್ ಬಂತೋ ಹೋಯಿತೋ ಎನ್ನುವ ಸ್ಥಿತಿಯಲ್ಲಿ ಮನೆಯಿಂದಲೇ ಬೆಂಗಳೂರಿನ ಸರ್ವರ್ ನೋಡಿಕೊಳ್ಳುವವರಿಗೆ ವಿಡಿಯೊ ಕರೆ ಕನಸಿನ ಮಾತು. ಅಕ್ಷರಗಳಲ್ಲಿ ಕೊಟ್ಟ ಆಜ್ಞೆ, ಅಕ್ಷರಗಳಲ್ಲೇ ಬಂದ ಉತ್ತರ ಮಾತ್ರ ಹೇಗೋ ನುಸುಳಿ ದಾಟುತ್ತದೆ.

ಇನ್ನು ಯುನಿಕ್ಸಿನ ನಿಜವಾದ ಸೊಗಸು, ಪೈಪು. ಅದೇ ಪ್ರಯೋಗಾಲಯದ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟದ ನೀರಿನ ಕೊಳವೆಗಳಂತೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದಿದ್ದರು. ಅದು ಯುನಿಕ್ಸಿಗೆ ಬಂದದ್ದು 1973ರಲ್ಲಿ, ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಬರೆದು ಸೇರಿಸಿದಾಗ. ನಮ್ಮ ಕಡೆಯವರಿಗೆ ಕೊಳವೆಗಿಂತ ಅಡಿಕೆ ದಬ್ಬೆಯ ಚಿತ್ರ ಹೆಚ್ಚು ಸರಿಹೋದೀತು. ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತರಲು ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಒಂದರ ಬಾಲದ ಕೆಳಗೆ ಇನ್ನೊಂದರ ತಲೆ ಇಟ್ಟು ಸಾಲಾಗಿ ಜೋಡಿಸುತ್ತಿದ್ದರಲ್ಲ, ಪೈಪಿನ ಕೆಲಸವೂ ಅದೇ. ಒಂದು ಹತಾರದ ಬಾಯಿಂದ ಬಿದ್ದದ್ದು ಮುಂದಿನದರ ಕಿವಿಗೆ. ಬರೆಯುವ ಗುರುತು ಒಂದು ನೆಟ್ಟನೆಯ ಗೆರೆ:

ಗ್ರೆಪ್ ಚಾಲಿ ಧಾರಣೆ | ಸಾರ್ಟ್ | ಹೆಡ್

ಚಾಲಿಯ ಸಾಲುಗಳನ್ನು ಹೆಕ್ಕು, ಕ್ರಮವಾಗಿ ಜೋಡಿಸು, ಮೊದಲ 10 ಸಾಲು ತೋರಿಸು. ಸಾರ್ಟಿಗೆ 'ನಾಲ್ಕನೆಯ ಅಂಕಣ ನೋಡು, ಸಂಖ್ಯೆಯೆಂದು ತಿಳಿ, ದೊಡ್ಡದು ಮೊದಲಿರಲಿ' ಎಂಬ ಸೂಚನೆಗಳನ್ನು ಒಂದೊಂದು ಅಕ್ಷರದಲ್ಲಿ ಸೇರಿಸಿದರೆ ಚಾಲಿಗೆ ಅತಿ ಹೆಚ್ಚು ದರ ಸಿಕ್ಕ ದಿನಗಳು ಕಣ್ಣೆದುರು.

ದಬ್ಬೆಗೂ ಪೈಪಿಗೂ ಒಂದು ವ್ಯತ್ಯಾಸವುಂಟು, ಎಂಜಿನಿಯರಿಂಗ್ ಜಾಣ್ಮೆ ಇರುವುದೂ ಅಲ್ಲಿಯೇ. ಮೇಲಿನಿಂದ ನೀರು ಜೋರಾದರೆ ದಬ್ಬೆ ತುಂಬಿ ಹೊರಚೆಲ್ಲುತ್ತದೆ; ಪೈಪು ಚೆಲ್ಲುವುದಿಲ್ಲ. ಲಿನಕ್ಸಿನಲ್ಲಿ ಎರಡು ಹತಾರಗಳ ನಡುವಿನ ತೊಟ್ಟಿಯ ಗಾತ್ರ ಸಾಮಾನ್ಯವಾಗಿ 64 ಕಿಲೋಬೈಟ್. ಅದು ತುಂಬಿತೆಂದರೆ ವ್ಯವಸ್ಥೆಯು ಬರೆಯುವವನನ್ನು ಮಲಗಿಸುತ್ತದೆ. ಓದುವವ ಸ್ವಲ್ಪ ಖಾಲಿ ಮಾಡಿದ ಮೇಲೆ ಮತ್ತೆ ಎಬ್ಬಿಸುತ್ತದೆ. ತೊಟ್ಟಿ ಖಾಲಿಯಾದರೆ ಓದುವವನ ಸರದಿ ಮಲಗುವುದು. ಎಲ್ಲ ಹತಾರಗಳೂ ಏಕಕಾಲಕ್ಕೆ ಓಡುತ್ತಿರುತ್ತವೆ, ಯಾರಿಗೂ ಇನ್ನೊಬ್ಬರ ವೇಗದ ಚಿಂತೆ ಇಲ್ಲ. ಹೆಡ್ ತನಗೆ ಬೇಕಾದ 10 ಸಾಲು ಸಿಕ್ಕೊಡನೆ ಬಾಗಿಲು ಹಾಕಿಕೊಂಡು ಎದ್ದು ಹೋಗುತ್ತದೆ. ಮೇಲಿನವ ಮತ್ತೆ ಬರೆಯಲು ಹೋದರೆ 'ಕೇಳುವವರು ಯಾರೂ ಇಲ್ಲ' ಎಂಬ ಸಂಕೇತ ಬಂದು ಅದೂ ನಿಲ್ಲುತ್ತದೆ. ಕೋಟಿ ಸಾಲಿನ ಕಡತದ ಮೊದಲ ಕೆಲವು ಸಾಲು ಕ್ಷಣದಲ್ಲಿ ಸಿಗುವುದು ಹೀಗೆ.

ಸಾರ್ಟ್ ಮಾತ್ರ ಹಾಗಲ್ಲ. ಕೊನೆಯ ಸಾಲು ಬರುವ ತನಕ ಮೊದಲ ಸಾಲು ಯಾವುದೆಂದು ಹೇಳಲಾಗದು, ಆದ್ದರಿಂದ ಅದು ಎಲ್ಲವನ್ನೂ ಕಾಯಲೇಬೇಕು. ನೆನಪಿನಲ್ಲಿ ಹಿಡಿಯದಷ್ಟು ಬಂದರೆ ಹಿಡಿಯುವಷ್ಟನ್ನು ಜೋಡಿಸಿ ಡಿಸ್ಕಿನಲ್ಲಿ ತಾತ್ಕಾಲಿಕ ಕಡತವಾಗಿ ಇಡುತ್ತದೆ, ಮತ್ತೊಂದು ಕಂತು ಜೋಡಿಸುತ್ತದೆ, ಕೊನೆಗೆ ಎಲ್ಲ ಕಂತುಗಳ ತುದಿಗಳನ್ನು ಹೋಲಿಸುತ್ತ ಒಂದು ಮಾಡುತ್ತದೆ. ಸಾರ್ಟಿನ ನೆರಳಿನಂತೆ ಬರುವುದು ಯುನಿಕ್. ಒಂದೇ ತೆರನ ಸಾಲುಗಳು ಮತ್ತೆ ಮತ್ತೆ ಬಂದರೆ ಒಂದನ್ನಷ್ಟೇ ಉಳಿಸಿ, ಬೇಕಿದ್ದರೆ ಎಷ್ಟು ಸಲ ಬಂದಿತ್ತು ಎಂದು ಎಣಿಸಿ ಹೇಳುವ ಹತಾರ. ಆದರೆ ಅದು ನೋಡುವುದು ಪಕ್ಕದ ಸಾಲನ್ನು ಮಾತ್ರ. ರಾಶಿ, ಚಾಲಿ, ರಾಶಿ ಎಂದು ಕೊಟ್ಟರೆ ಮೂರೂ ಬೇರೆ ಎನ್ನುತ್ತದೆ. ಅದಕ್ಕೇ ಯುನಿಕ್ಕಿನ ಮೊದಲು ಯಾವಾಗಲೂ ಸಾರ್ಟ್ ಇರುತ್ತದೆ.

ಕನ್ನಡದ ಜೊತೆ ಜಗಳ ಶುರುವಾಗುವುದು ಇಲ್ಲಿಂದ. ಪೇಟೆಗಳ ಬದಲು ಊರುಗಳ ಪಟ್ಟಿ ಇದೆ ಎನ್ನಿ: ಯಲ್ಲಾಪುರ ತಾಲೂಕಿನ ಕಳಚೆ, ಹೊನ್ನಾವರ ತಾಲೂಕಿನ ಕವಲಕ್ಕಿ. ಅಕಾರಾದಿಯಲ್ಲಿ ಯಾವುದು ಮೊದಲು? ಶಾಲೆಯಲ್ಲಿ ಕಲಿತ ವರ್ಣಮಾಲೆಯ ಕೊನೆಯಲ್ಲಿ ಳ ಇರುವುದರಿಂದ ಕವಲಕ್ಕಿ ಮೊದಲು, ಕಳಚೆ ಆಮೇಲೆ. ಆದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನ ಕನ್ನಡ ಪಟ್ಟಿಯಲ್ಲಿ ಳ ಕುಳಿತಿರುವುದು ಲ ಮತ್ತು ವ ನಡುವೆ. ಬರೀ ಸಂಕೇತ ಸಂಖ್ಯೆ ನೋಡಿ ಜೋಡಿಸಲು ಬಿಟ್ಟರೆ ಕಳಚೆ ಮೊದಲು ಬರುತ್ತದೆ. ಯಾವ ಭಾಷೆಯ ಕ್ರಮ ಪಾಲಿಸಬೇಕು ಎಂದು ಹೇಳಲು ಲೊಕೇಲ್ ಎಂಬ ಹೊಂದಿಕೆ ಇದೆ. ಅದನ್ನು ನೋಡಿಕೊಳ್ಳದೆ ಕನ್ನಡ ಪದಪಟ್ಟಿ ಜೋಡಿಸಲು ಹೋಗಬಾರದು.

ಅಂಕಿಗಳ ಪಾಡೂ ಅಷ್ಟೇ. ಹಳೆಯ ಡೈರಿಯಲ್ಲಿದ್ದಂತೆ ೩೬೦೦೦ ಎಂದು ಕನ್ನಡ ಅಂಕಿಯಲ್ಲಿ ಹಾಕಿದರೆ ಸಾರ್ಟಿಗೆ ಅದು ಸಂಖ್ಯೆಯೇ ಅಲ್ಲ, ಸೊನ್ನೆಯ ಲೆಕ್ಕ. 36,000 ಎಂದು ಅಲ್ಪವಿರಾಮ ಹಾಕಿದರೆ ಆಕ್ ಅಲ್ಪವಿರಾಮದಲ್ಲೇ ನಿಂತು 36 ಎಂದು ಓದುತ್ತದೆ. ಅಂಕಿ ಬದಲಿಸಲು ಅಕ್ಷರಕ್ಕೆ ಅಕ್ಷರ ಅದಲುಬದಲು ಮಾಡುವ ಟಿಆರ್ ಎಂಬ ಹತಾರ ಹಿಡಿದರೆ ಇನ್ನೊಂದು ಪೇಚು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಟಿಆರ್‌ಗೆ ಒಂದು ಅಕ್ಷರವೆಂದರೆ ಒಂದು ಬೈಟ್, ಅಂದರೆ ಕಂಪ್ಯೂಟರು ಮಾಹಿತಿ ಇಡುವ ಒಂದು ಪುಟ್ಟ ಖಾನೆ. ಕನ್ನಡದ ಅಂಕಿಗೆ ಮೂರು ಬೈಟ್ ಬೇಕು. ಫಲಿತಾಂಶ ಕಲಸುಮೇಲೋಗರ. ಅದೇ ಕೆಲಸಕ್ಕೆ ಸಾಲುಗಳನ್ನು ತಿದ್ದುವ ಸೆಡ್ ಎಂಬ ಹತಾರ ಬಳಸಿದರೆ, ಲೊಕೇಲ್ ಸರಿ ಇದ್ದಲ್ಲಿ, ಎಲ್ಲ ನೆಟ್ಟಗಾಗುತ್ತದೆ.

ಮೂರು ಬೈಟಿನ ಕಥೆಯ ಹಿಂದೆಯೂ ಇರುವುದು ಅದೇ ಥಾಂಪ್ಸನ್. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಸಹೋದ್ಯೋಗಿ ರಾಬ್ ಪೈಕ್ ಜೊತೆ ಊಟಕ್ಕೆ ಕುಳಿತಾಗ, ತಟ್ಟೆಯಡಿ ಹಾಸುವ ಕಾಗದದ ಮೇಲೆ ಅವರು ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ರೂಪಿಸಿದರು. ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ ಒಂದೇ ಬೈಟ್, ಉಳಿದವಕ್ಕೆ ಎರಡರಿಂದ ನಾಲ್ಕು. ಕನ್ನಡದ ಪಾಲಿಗೆ ಮೂರು. ಉಪಾಯ ಇರುವುದು ಇಲ್ಲಿ: ಮೂರು ಬೈಟಿನ ಅಕ್ಷರದ ಯಾವ ತುಂಡೂ ಖಾಲಿ ಜಾಗದಂತೆಯೋ ಸಾಲು ಮುಗಿವ ಗುರುತಿನಂತೆಯೋ ಕಾಣುವುದಿಲ್ಲ. ಹೀಗಾಗಿ ಕನ್ನಡವೇ ಗೊತ್ತಿಲ್ಲದ ಹಳೆಯ ಹತಾರಗಳ ಮೂಲಕವೂ ಕನ್ನಡದ ಸಾಲು ಮುಕ್ಕಾಗದೆ ಹಾದುಹೋಗುತ್ತದೆ. ಅರ್ಧ ಶತಮಾನದ ಹಿಂದಿನ ಗ್ರೆಪ್‌ನ ವಂಶಸ್ಥ ಇಂದು ತಟ್ಟಿಬೆಟ್ಟೆ ಹುಡುಕುತ್ತಿರುವುದಕ್ಕೆ ಕಾರಣ ಇದು.

ಎಣಿಸುವ ಹತಾರ ಡಬ್ಲ್ಯುಸಿ. ಅದಕ್ಕೆ 'ಹೊನ್ನಾವರ' ಕೊಟ್ಟು ನೋಡಿದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಯುನಿಕೋಡಿನ ಲೆಕ್ಕಕ್ಕೆ ಎಂಟು, ಬೈಟಿನ ಲೆಕ್ಕಕ್ಕೆ 24. ಹ, ಒತ್ವದ ಚಿಹ್ನೆ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ದೀರ್ಘ, ವ, ರ. ಇಷ್ಟಕ್ಕೆ ಮುಗಿಯಲಿಲ್ಲ. ಒತ್ವವನ್ನು ಒಂದೇ ಗುರುತಾಗಿ ಬರೆಯಬಹುದು, ಅಥವಾ ಎತ್ವದ ಮುಂದೆ ಊಕಾರದ ಚಿಹ್ನೆ ಇಟ್ಟು ಎರಡು ಗುರುತಾಗಿಯೂ ಬರೆಯಬಹುದು. ಯುನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ, ಪರದೆಯ ಮೇಲೂ ಒಂದೇ ಹೊನ್ನಾವರ. ಆದರೆ ಒಂದರಲ್ಲಿ 24 ಬೈಟ್, ಇನ್ನೊಂದರಲ್ಲಿ 27. ಗ್ರೆಪ್ ಒಂದನ್ನು ಕೊಟ್ಟರೆ ಇನ್ನೊಂದನ್ನು ಹಿಡಿಯುವುದಿಲ್ಲ, ಯುನಿಕ್ ಎರಡನ್ನೂ ಬೇರೆ ಬೇರೆ ಊರೆಂದು ಎಣಿಸುತ್ತದೆ. ಅರ್ಧಾಕ್ಷರ ಬಿಡಿಯಾಗಿ ಕಾಣಲೆಂದು ನಡುವೆ ಸೇರಿಸುವ ಶೂನ್ಯ ಅಗಲದ ಗುರುತು ಇನ್ನೂ ಕಾಟದ್ದು, ಅದು ಕಾಣುವುದೇ ಇಲ್ಲ. ಕಣ್ಣೆದುರೇ ಇರುವ ಪದ ಹುಡುಕಿದರೆ ಸಿಗುತ್ತಿಲ್ಲ ಎಂದಾಗ ಓಡಿ ಎಂಬ ಹಳೇ ಹತಾರಕ್ಕೆ ಆ ಸಾಲನ್ನು ಕೊಡಬೇಕು. ತಕ್ಕ ಸೂಚನೆ ಕೊಟ್ಟರೆ ಅದು ಬೈಟುಗಳನ್ನು ಒಂದೊಂದಾಗಿ ಸಂಖ್ಯೆಯಲ್ಲಿ ಮುದ್ರಿಸುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಗ್ರೆಪ್ ಕಲಿತ ಮರುದಿನವೇ ಇದನ್ನು ಕಲಿಯಬೇಕೆಂದು ನನ್ನ ಅಭಿಪ್ರಾಯ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳ ವಿಷಯ ಹೇಳದಿದ್ದರೆ ತಪ್ಪಾದೀತು. ಅವುಗಳ ಒಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅಂಥ ಕಡತದಲ್ಲಿ 'ಅಡಿಕೆ' ಎಂದು ಎಷ್ಟು ಗ್ರೆಪ್ ಮಾಡಿದರೂ ಸೊನ್ನೆ. ಮೊದಲು ಪರಿವರ್ತಕದಿಂದ ಯುನಿಕೋಡಿಗೆ ತರಬೇಕು, ಉಳಿದದ್ದೆಲ್ಲ ಆಮೇಲೆ.

ಪೈಪಿನ ಬಗ್ಗೆ ಹೇಳುವವರೆಲ್ಲ 1986ರ ಒಂದು ಪ್ರಸಂಗ ನೆನೆಯುತ್ತಾರೆ. ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಪಟ್ಟಿ ಮಾಡುವ ಪ್ರೋಗ್ರಾಮು ಬರೆಯಲು ಪತ್ರಿಕೆಯೊಂದರ ಅಂಕಣಕ್ಕಾಗಿ ಜಾನ್ ಬೆಂಟ್ಲಿ ಎಂಬವರು ಪ್ರಖ್ಯಾತ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರನ್ನು ಕೇಳಿದರು. ಕ್ನೂತ್ ಪುಟಗಟ್ಟಲೆ, ತಮ್ಮದೇ ಆದ ಜಾಣ ದತ್ತಾಂಶ ರಚನೆಯೊಂದಿಗೆ ಬರೆದುಕೊಟ್ಟರು. ಅದನ್ನು ವಿಮರ್ಶಿಸಲು ಕೂತ ಮ್ಯಾಕಿಲ್‌ರಾಯ್, ಮೆಚ್ಚಿ ಕೊಂಡಾಡಿದ ಮೇಲೆ, ಅದೇ ಕೆಲಸವನ್ನು ಆರು ಸಾಲಿನ ಪೈಪಿನಲ್ಲಿ ಮಾಡಿ ತೋರಿಸಿದರು: ಸಾಲಿಗೊಂದು ಪದ ಮಾಡು, ದೊಡ್ಡಕ್ಷರ ಚಿಕ್ಕದಾಗಿಸು, ಜೋಡಿಸು, ಎಣಿಸು, ಎಣಿಕೆಯ ಪ್ರಕಾರ ಮತ್ತೆ ಜೋಡಿಸು, ಬೇಕಾದಷ್ಟು ತೋರಿಸಿ ನಿಲ್ಲು. ಇದನ್ನು ಕ್ನೂತ್ ಸೋತ ಕಥೆಯಂತೆ ಹೇಳುವುದು ನ್ಯಾಯವಲ್ಲ, ಅವರಿಗೆ ಒಪ್ಪಿಸಿದ್ದೇ ಓದಲು ಚೆಂದವಾಗಿ ಪ್ರೋಗ್ರಾಮು ಬರೆಯುವ ತಮ್ಮ ಶೈಲಿಯ ಪ್ರದರ್ಶನ.

ಅದೇ ಆರು ಸಾಲನ್ನು ಕನ್ನಡಕ್ಕೆ ಹಚ್ಚಿದರೆ? ಎರಡನೆಯ ಸಾಲು ಬೇಕಿಲ್ಲ, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ರಗಳೆಯೇ ಇಲ್ಲ. ಮೊದಲನೆಯದನ್ನು ತಿದ್ದಬೇಕು, ಏಕೆಂದರೆ ಅದಕ್ಕೆ ಇಂಗ್ಲಿಷ್ ಅಕ್ಷರವಲ್ಲದ್ದೆಲ್ಲ ಕಸ. ಅಷ್ಟಾದ ಮೇಲೂ ಅಡಿಕೆ, ಅಡಿಕೆಯ, ಅಡಿಕೆಗೆ, ಅಡಿಕೆಯನ್ನು, ಅಡಿಕೆಯಲ್ಲಿ ಎಲ್ಲವೂ ಬೇರೆ ಬೇರೆ ಪದಗಳಾಗಿ ಎಣಿಕೆಗೆ ಸಿಕ್ಕು ಅಡಿಕೆಯ ಸ್ಥಾನ ಕೆಳಗಿಳಿಯುತ್ತದೆ. ವಿಭಕ್ತಿ ಬಿಡಿಸುವುದು ಸಾಲು ತುಂಡರಿಸುವ ಹತಾರದ ಕೆಲಸವಲ್ಲ. ಅದಕ್ಕೆ ಕನ್ನಡ ವ್ಯಾಕರಣ ಬಲ್ಲ ಬೇರೆ ಪ್ರೋಗ್ರಾಮೇ ಬೇಕು. ಇದ್ದರೆ ಅದನ್ನೂ ಪೈಪಿನ ನಡುವೆ ಕೂರಿಸಬಹುದು, ಸಾಲು ಓದಿ ಸಾಲು ಬರೆಯುವಂತಿದ್ದರೆ ಸಾಕು.

ಆರ್‌ಎಂ ಬಗ್ಗೆ ಎರಡೇ ಮಾತು. ಇದಕ್ಕೆ ಕಸದ ಬುಟ್ಟಿಯಿಲ್ಲ, ಸಾಮಾನ್ಯವಾಗಿ 'ಖಂಡಿತವೇ?' ಎಂದು ಕೇಳುವ ಪದ್ಧತಿಯೂ ಇಲ್ಲ. ನಿಜದಲ್ಲಿ ಅದು ಅಳಿಸುವುದು ಕಡತವನ್ನಲ್ಲ, ಹೆಸರನ್ನು. ಒಂದೇ ಕಡತಕ್ಕೆ ಎರಡು ಹೆಸರಿದ್ದರೆ ಒಂದು ಹೋದರೂ ಇನ್ನೊಂದರಿಂದ ಅದು ಬದುಕಿರುತ್ತದೆ. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮೂ ಮುಚ್ಚಿದ ಮೇಲಷ್ಟೇ ಜಾಗ ಖಾಲಿ.

ಆ ಹೆಸರಿನ ವಿಷಯದಲ್ಲಿ ಯುನಿಕ್ಸ್ ಬಹಳ ಉದಾರಿ. ಓರೆಗೆರೆ ಮತ್ತು ಸೊನ್ನೆ ಬೈಟ್ ಎರಡನ್ನು ಬಿಟ್ಟು ಏನು ಬೇಕಾದರೂ ಇರಬಹುದು, ಆದ್ದರಿಂದಲೇ 'ಧಾರಣೆ' ಎಂಬ ಹೆಸರು ನಡೆಯುತ್ತದೆ. ಲಿನಕ್ಸಿನಲ್ಲಿ ಹೆಚ್ಚು ಬಳಕೆಯ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನವರಿಗೆ 255 ಅಕ್ಷರ, ನಮಗೆ ಚಿಹ್ನೆಗಳೆಲ್ಲ ಸೇರಿ 85. ಒತ್ತಕ್ಷರ ತುಂಬಿದ ಉದ್ದನೆಯ ತಲೆಬರಹವನ್ನೇ ಹೆಸರಾಗಿ ಇಡಲು ಹೋದಾಗ 'ಹೆಸರು ಉದ್ದವಾಯಿತು' ಎಂಬ ದೂರು ಬರುವುದು ಇದಕ್ಕೇ.

ಹತಾರಗಳೂ ಕಡತಗಳೇ ಆದ್ದರಿಂದ ಅವಕ್ಕೂ ಕನ್ನಡದ ಹೆಸರಿಡಬಹುದು. ಲಿನಕ್ಸಿನಲ್ಲಿ ಎಲ್‌ಎನ್ ಎಂಬ ಹತಾರದಿಂದ ಗ್ರೆಪ್‌ಗೆ 'ಹುಡುಕು' ಎಂಬ ಇನ್ನೊಂದು ಹೆಸರು ಕೊಟ್ಟು, ಆಜ್ಞೆಗಳನ್ನು ಹುಡುಕುವ ಹಾದಿಯಲ್ಲಿ ಇಟ್ಟರೆ 'ಹುಡುಕು ಚಾಲಿ ಧಾರಣೆ' ಎಂಬ ಪೂರ್ತಿ ಕನ್ನಡದ ಸಾಲು ಕೆಲಸ ಮಾಡುತ್ತದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಇದೇ ಯುಕ್ತಿ ಎಲ್ಲ ಕಡೆ ನಡೆಯುವುದಿಲ್ಲ. ಅಲ್ಲಿ ಎಲ್‌ಎಸ್, ಸಿಪಿ ಮುಂತಾದ ಹಲವು ಹತಾರಗಳು ಟಾಯ್‌ಬಾಕ್ಸ್ ಎಂಬ ಒಂದೇ ಪ್ರೋಗ್ರಾಮಿನೊಳಗೆ ಇವೆ. ಯಾವ ಹೆಸರಿನಿಂದ ಕರೆದರು ಎಂಬುದನ್ನು ನೋಡಿಯೇ ಅದು ಯಾವ ಕೆಲಸ ಮಾಡಬೇಕೆಂದು ತೀರ್ಮಾನಿಸುತ್ತದೆ. ಗೊತ್ತಿಲ್ಲದ ಹೆಸರಿಂದ ಕರೆದರೆ ಅರ್ಥವಾಗದೆ ಕೈಚೆಲ್ಲುತ್ತದೆ. ಅಲ್ಲಿ ಎರಡು ಸಾಲಿನ ಪುಟ್ಟ ಸ್ಕ್ರಿಪ್ಟ್ ಬರೆದು, ಕೇಳಿದ್ದನ್ನು ಮೂಲ ಹೆಸರಿನ ಹತಾರಕ್ಕೆ ದಾಟಿಸಬೇಕು. ಆದರೂ ಪೈಪಿನ ಗೆರೆಯೂ ಸೂಚನೆಯ ಅಕ್ಷರಗಳೂ ಇಂಗ್ಲಿಷ್ ಕೀಲಿಮಣೆಯಲ್ಲೇ ಇರುವುದರಿಂದ ಸಾಲಿನ ನಡುವೆ ಕೀಲಿಮಣೆ ಬದಲಿಸುತ್ತಿರುವ ಕಿರಿಕಿರಿ ತಪ್ಪುವುದಿಲ್ಲ.